ಬರಾತ್ ರಾತ್ರಿ ಮೊದಲು ಯಾರ ಹತ್ರ ಹೋಗಬೇಕು?

ಕೇಳುಗರಿಗೆ ನಮಸ್ಕಾರ, ಅಸ್ಸಲಾಮು ಅಲೈಕುಮ್.

ಇಸ್ಲಾಮಿ ಪಂಚಾಂಗದ ಪವಿತ್ರ ದಿನಗಳ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ಇದು ಚಂದ್ರನ ಲೆಕ್ಕ. ವರ್ಷಕ್ಕೆ 354 ದಿನ, ಒಮ್ಮೊಮ್ಮೆ 355. ಅದಕ್ಕೇ ರಂಜಾನ್ ಕೆಲವು ವರ್ಷ ನಮ್ಮ ರಾಯಚೂರಿನ ಸುಡು ಬಿಸಿಲಲ್ಲಿ ಬರುತ್ತೆ, ಕೆಲವು ವರ್ಷ ಚಳಿಯಲ್ಲಿ. ದಿನ ಶುರುವಾಗೋದು ಹೊತ್ತು ಮುಳುಗಿದ ಮೇಲೆ. ಇಷ್ಟು ಸಾಕು. ನಾನು ಹೇಳೋದು ಒಂದೇ ಮಾತು: ಮನುಷ್ಯರ ಬಾಕಿ ತೀರಿಸದೆ ಅಲ್ಲಾಹನ ಮುಂದೆ ನಿಂತರೆ ಹಬ್ಬ ಅರ್ಧ ಮಾತ್ರ.

ಶಾಬಾನ್ ತಿಂಗಳ 15ರ ರಾತ್ರಿ ಶಬ್-ಎ-ಬರಾತ್. ಆ ರಾತ್ರಿ ಅಲ್ಲಾಹ ತನ್ನ ದಾಸರನ್ನು ಕ್ಷಮಿಸುತ್ತಾನೆ, ಆದರೆ ಮನಸ್ಸಲ್ಲಿ ಹಗೆ ಇಟ್ಟುಕೊಂಡವನನ್ನಲ್ಲ ಅಂತ ಹದೀಸಿನಲ್ಲಿ, ಅಂದ್ರೆ ಪ್ರವಾದಿಗಳ ಮಾತುಗಳಲ್ಲಿ, ಬರುತ್ತೆ. ಕೇಳಿಸಿಕೊಂಡ್ರಾ? ರಾತ್ರಿಯೆಲ್ಲಾ ನಫಿಲ್ ನಮಾಜು, ಅಂದ್ರೆ ಕಡ್ಡಾಯವಲ್ಲದ ಹೆಚ್ಚಿನ ನಮಾಜು, ಮಾಡಿದರೂ ಅಷ್ಟೇ.

ಸಿಂಧನೂರು ಕಡೆ ನನಗೆ ಗೊತ್ತಿರುವ ಅಣ್ಣತಮ್ಮ ಇದ್ದಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ ಗದ್ದೆ. ಭತ್ತ ತೆನೆ ಕಟ್ಟೋ ಹೊತ್ತಲ್ಲಿ ಅಣ್ಣ ರಾತ್ರೋರಾತ್ರಿ ಮಡೆ ಕಟ್ಟಿ ನೀರೆಲ್ಲಾ ತನ್ನ ಕಡೆ ತಿರುಗಿಸಿಕೊಂಡ. ತಮ್ಮನ ಬೆಳೆ ಒಣಗಿತು. ಮಾತು ನಿಂತಿತು. ಮದುವೆಗೆ ಕರೆಯಲಿಲ್ಲ, ಆಸ್ಪತ್ರೆಗೆ ಬಂದು ನೋಡಲಿಲ್ಲ. ಇಬ್ಬರೂ ಐದು ಹೊತ್ತಿನ ನಮಾಜಿಗಳು, ಒಂದೇ ಮಸೀದಿ, ಬೇರೆ ಬೇರೆ ಸಾಲು!

ಒಂದು ಬರಾತ್ ರಾತ್ರಿ ಅಣ್ಣ ಕಬರಸ್ತಾನಕ್ಕೆ ಹೋದ. ಅಪ್ಪನ ಕಬರಿನ ಹತ್ರ ಆಗಲೇ ಊದಿನಕಡ್ಡಿ ಉರೀತಿತ್ತು. ಪಕ್ಕದಲ್ಲಿ ತಮ್ಮ ಕೂತಿದ್ದ, ಮೊಬೈಲ್ ಬೆಳಕಲ್ಲಿ ಕುರಾನಿನ ಯಾಸೀನ್ ಅಧ್ಯಾಯ ಓದ್ತಾ. ಅಣ್ಣ ನಿಂತೇ ಇದ್ದ. ತಮ್ಮ ತಲೆ ಎತ್ತಲಿಲ್ಲ, ಓದಿ ಮುಗಿಸಿ, ಜಾಗ ಬಿಟ್ಟು ಸರಿದು ಕೂತ. ಆಗ ಅಣ್ಣ, ‘ಈ ಸಲ ನೀನೇ ಮೊದಲು ಹಾಯಿಸ್ಕೋ’ ಅಂದ. ತಮ್ಮ ಏನಂದ ಗೊತ್ತಾ? ‘ಹೋದ ಬೆಳೆ ದುಡ್ಡು?’ ಬಾಕಿ ಅಂದ್ರೆ ಬಾಕಿನೇ ಅಲ್ವಾ! ಸುಗ್ಗಿ ಆದ ಮೇಲೆ ಅಣ್ಣ ಮೂಟೆ ಲೆಕ್ಕ ಹಾಕಿ ಭತ್ತ ಕೊಟ್ಟ. ಆಮೇಲೆ ಮಾತು ಶುರುವಾಯಿತು.

ನಾವೇನು ಮಾಡ್ತೀವಿ? ‘ತಪ್ಪಾಗಿದ್ರೆ ಮಾಫ್ ಮಾಡಿ’ ಅಂತ ವಾಟ್ಸಾಪಿನಲ್ಲಿ ಇನ್ನೂರು ಜನಕ್ಕೆ ಕಳಿಸ್ತೀವಿ. ಯಾರಿಗೆ ಮೋಸ ಮಾಡಿದ್ದೇವೋ ಅವನ ನಂಬರು ಬ್ಲಾಕ್ ಆಗಿರುತ್ತೆ! ಹುಡುಗರು ರಾತ್ರಿಯಿಡೀ ಬೈಕು ಓಡಿಸ್ತಾರೆ. ಯಾವ ಇಬಾದತ್ತು, ಯಾವ ಆರಾಧನೆ ಸ್ವಾಮಿ ಇದು?

ಸಮಯ ಆಯಿತು ಅಂತ ಕೈ ತೋರಿಸ್ತಿದ್ದಾರೆ. ಉಳಿದ ದಿನಗಳ ಬಗ್ಗೆ ಬೇಗ ಹೇಳ್ತೀನಿ. ಮೊಹರಂ 10ರಂದು, ಕ್ರಿ.ಶ. 680ರಲ್ಲಿ, ಕರ್ಬಲಾದಲ್ಲಿ ಪ್ರವಾದಿಗಳ ಮೊಮ್ಮಗ ಇಮಾಮ್ ಹುಸೇನರು ಹುತಾತ್ಮರಾದರು. ನಮ್ಮ ಮುದಗಲ್ಲಿನ ಅಲಾಯಿ, ಅಂದ್ರೆ ಮೊಹರಂ ಆಚರಣೆ, ನೋಡೋಕೆ ಎಲ್ಲ ಜಾತಿಯವರೂ ಸೇರ್ತಾರೆ. ಅದರ ಬಗ್ಗೆ ಒಂದು ಗಂಟೆ ಬೇಕು, ಇನ್ನೊಮ್ಮೆ ಕರೆಯಿರಿ. ಬಕ್ರೀದಿನ ಮಾಂಸ, ರಕ್ತ ಅಲ್ಲಾಹನಿಗೆ ಮುಟ್ಟಲ್ಲ, ನಿಮ್ಮ ಭಯಭಕ್ತಿ ಮುಟ್ಟುತ್ತೆ ಅಂತ ಕುರಾನೇ ಹೇಳುತ್ತೆ. ಕುರಾನ್ ಇಳಿದ ರಾತ್ರಿ ಲೈಲತುಲ್ ಕದ್ರ್ ಸಾವಿರ ತಿಂಗಳಿಗಿಂತ ಮೇಲು. ರಂಜಾನಿನ ಕೊನೆಯ ಹತ್ತರ ಬೆಸ ರಾತ್ರಿಗಳಲ್ಲಿ ಹುಡುಕಿ, ಬರೀ 27ಕ್ಕೆ ಎದ್ದು ಕೂತರೆ ಆಗಲಿಲ್ಲ.

ಇನ್ನೊಂದು, ಫಿತ್ರಾ, ಅಂದ್ರೆ ರಂಜಾನ್ ಮುಗಿದಾಗ ಬಡವರಿಗೆ ಕೊಡಲೇಬೇಕಾದ ಪಾಲು. ಈದ್ ನಮಾಜಿಗೆ ಮೊದಲೇ ಕೊಡಿ, ಬಡವರ ಮನೆಯಲ್ಲೂ ಅವತ್ತು ಒಲೆ ಹತ್ತಬೇಕು. ನಮಾಜು ಮುಗಿದ ಮೇಲೆ ಕೊಟ್ಟರೆ ಅದು ಬರೀ ದಾನ, ಫಿತ್ರಾ ಆಗಲ್ಲ. ಖುದಾ ಹಾಫಿಜ್, ನಮಸ್ಕಾರ.