ಆಯುಧ ಪೂಜೆಗೆ ಗಾಡಿ ತೊಳೆದರೆ ಖೋ ಖೋ ಹುಡುಗಿಯರಿಗೆ ಶೂ ಬರುತ್ತದೆ

ಕೇಳುಗರೇ, ನಮಸ್ಕಾರ.

ನಮ್ಮ ಬಳ್ಳಾರಿಯಲ್ಲಿ ಬಿಳಿ ಕಾರು ತಗೊಂಡರೂ ವಾರ ಕಳೆಯುವಷ್ಟರಲ್ಲಿ ಕೆಂಪಗಾಗುತ್ತದೆ. ತೋರಣಗಲ್ಲು, ಸಂಡೂರು ಕಡೆ ಹೋಗಿ ಬಂದರಂತೂ ಕೇಳುವುದೇ ಬೇಡ, ಮೈತುಂಬ ಅದಿರಿನ ಧೂಳು. ಆಯುಧ ಪೂಜೆಯ ಹಿಂದಿನ ದಿನ ಊರಿನ ಎಲ್ಲ ವಾಟರ್ ಸರ್ವೀಸ್ ಅಂಗಡಿಗಳ ಮುಂದೆ ಗಾಡಿಗಳ ಸಾಲು. ಆ ದಿನ ಸರ್ಕಾರಿ ಶಾಲೆಯ ಮೈದಾನದಲ್ಲೂ ಒಂದು ಸಾಲು ನಿಲ್ಲಲಿ ಅನ್ನುವುದು ನನ್ನ ಆಸೆ.

ಯಾಕೆ ಅಂದರೆ, ನಮ್ಮ ಹುಡುಗಿಯರ ಖೋ ಖೋ ತಂಡಗಳು ಇನ್ನೂ ಬರಿಗಾಲಲ್ಲಿ ಆಡುತ್ತಿವೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು, ನೇಪಾಳವನ್ನು ಸೋಲಿಸಿ ಕಪ್ ಗೆದ್ದದ್ದು ನಮ್ಮ ಹೆಣ್ಣುಮಕ್ಕಳು. ಆ ತಂಡದಲ್ಲಿ ಮೈಸೂರು ಜಿಲ್ಲೆಯ ಚೈತ್ರಾ ಇದ್ದರು. ಅದನ್ನು ನೋಡಿದ ಮೇಲೆ ನಮ್ಮ ಹುಡುಗಿಯರ ಓಟಕ್ಕೇ ಬೇರೆ ಹುರುಪು ಬಂದಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಸಾದಾ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಟಿಕೆಟ್ ಚಿಂತೆ ಇಲ್ಲ. ಆದರೆ ಜಿಲ್ಲಾ ಮಟ್ಟ ಗೆದ್ದು ಕಲಬುರಗಿ ವಿಭಾಗ ಮಟ್ಟಕ್ಕೆ ಹೋದರೆ, ಆಟ ಬೀದರ್‌ನಲ್ಲೇ ಇಟ್ಟರೂ ಹೋಗಲೇಬೇಕು ಅಲ್ವಾ? ದಾರಿಯ ಊಟ, ಜೆರ್ಸಿ, ಶೂ, ಮೊಣಕಾಲಿಗೆ ಕಟ್ಟುವ ಪಟ್ಟಿ, ಇದಕ್ಕೆಲ್ಲ ಪಿ.ಟಿ. ಮೇಷ್ಟ್ರು ತಮ್ಮ ಜೇಬಿಗೇ ಕೈ ಹಾಕುತ್ತಾರೆ. ಇಲ್ಲದಿದ್ದರೆ ರಸೀದಿ ಪುಸ್ತಕ ಹಿಡಿದು ಮಕ್ಕಳನ್ನೂ ಕರೆದುಕೊಂಡು ಅಂಗಡಿ ಅಂಗಡಿ ಅಲೆಯುತ್ತಾರೆ. ಮಕ್ಕಳನ್ನು ಹಾಗೆ ಕೈ ಚಾಚಿ ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ. ಆಯುಧ ಪೂಜೆಯ ಹಿಂದಿನ ದಿನ ಶಾಲೆಯ ಮೈದಾನದಲ್ಲಿ ಗಾಡಿ ತೊಳೆದು, ಕೆಲಸ ಮಾಡಿ ಕೇಳಲಿ. ಆಗ ಕೊಡುವವರೂ ಖುಷಿಯಿಂದ ಕೊಡುತ್ತಾರೆ.

ಮೊದಲು ಮುಖ್ಯ ಗುರುಗಳ ಒಪ್ಪಿಗೆ, ಶಾಲೆಯ ಅಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯವರ ಒಪ್ಪಿಗೆ, ಮನೆಯವರ ಒಪ್ಪಿಗೆ. ಹೈಸ್ಕೂಲಿನ ದೊಡ್ಡ ಮಕ್ಕಳು ಮಾತ್ರ ಇರಲಿ, ಜೊತೆಗೆ ಶಿಕ್ಷಕರೂ ಪಾಲಕರೂ ಬಕೆಟ್ ಹಿಡಿಯಲಿ. ರಸ್ತೆ ಬದಿ ಬೇಡವೇ ಬೇಡ.

ಇನ್ನು ತೊಳೆಯುವುದು. ಇದು ಸುಮ್ನೆ ನೀರು ಎರಚುವ ಕೆಲಸ ಅಲ್ಲ. ನಮ್ಮ ಧೂಳು ಕಬ್ಬಿಣದ ಅದಿರಿನದು, ಒಣಬಟ್ಟೆಯಲ್ಲಿ ಉಜ್ಜಿದರೆ ಉಪ್ಪುಕಾಗದ ಎಳೆದಂತೆ ಬಣ್ಣದ ಮೇಲೆ ಗೀರು ಬೀಳುತ್ತದೆ. ಅದಕ್ಕೇ ಮೊದಲು ಮಗ್ಗಿನಿಂದ ಛಾವಣಿಗೆ ನೀರು ಬಿಡಬೇಕು, ಕೆಂಪು ನೀರು ಬಾಗಿಲ ಮೇಲಿಂದ ಗೆರೆ ಗೆರೆಯಾಗಿ ಇಳಿದು ಚಕ್ರದ ಹತ್ತಿರ ರಾಡಿಯಾಗಿ ನಿಲ್ಲುತ್ತದೆ, ಆ ನೀರು ತಿಳಿಯಾಗುವವರೆಗೂ ಬಟ್ಟೆ ಮುಟ್ಟಿಸಬಾರದು. ಆಮೇಲೆ ಶಾಂಪೂ ನೀರು, ಮೇಲಿಂದ ಕೆಳಕ್ಕೆ. ಚಕ್ರ ಕೊನೆಗೆ, ಅದಕ್ಕೆ ಬೇರೆ ಬಟ್ಟೆ. ಬಟ್ಟೆ ಅದ್ದುವ ಬಕೆಟ್ ಬೇರೆ, ಹಿಂಡುವ ಬಕೆಟ್ ಬೇರೆ ಇರಲಿ. ಬೈಕ್ ಆದರೆ ಸೈಲೆನ್ಸರ್ ತಣ್ಣಗಾಗುವವರೆಗೆ ಕಾಯಿರಿ, ಇಲ್ಲದಿದ್ದರೆ ಕೈ ಸುಡುತ್ತದೆ. ಕಡ್ಡಿ ಚಕ್ರದ ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಚೆನ್ನಾಗಿ ಹೋಗುತ್ತದೆ. ಚೈನ್ ಒರೆಸಿ ಎರಡು ಹನಿ ಎಣ್ಣೆ ಬಿಟ್ಟು ಕೊಡಿ, ಗಾಡಿಯವರು ಮುಂದಿನ ವರ್ಷವೂ ನಿಮ್ಮ ಹತ್ತಿರವೇ ಬರುತ್ತಾರೆ.

ಬೆಳಿಗ್ಗೆ ಬೇಗ ಶುರು ಮಾಡಿ. ಬಿಸಿಲೇರಿದ ಮೇಲೆ ಸೋಪು ಅಲ್ಲೇ ಒಣಗಿ ಕಲೆ ಕೂರುತ್ತದೆ. ಮಕ್ಕಳಿಗೂ ನೆರಳು ಬೇಕು, ಮಜ್ಜಿಗೆ ಬೇಕು.

ನೀರಿನ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ನಮ್ಮದು ನಳದ ನೀರಿಗೆ ಕಾಯುವ ಊರು. ಪೈಪು ಬಿಟ್ಟು ನಿಂತರೆ ಎಷ್ಟು ನೀರು ಹೋಯಿತು ಅಂತ ಲೆಕ್ಕವೇ ಸಿಗುವುದಿಲ್ಲ, ಬಕೆಟ್ ಆದರೆ ಕಣ್ಣಿಗೆ ಕಾಣುತ್ತದೆ. ಕುಡಿಯುವ ನೀರು ಮುಟ್ಟಬೇಡಿ, ಬಳಕೆಯ ಬೋರ್‌ವೆಲ್ ನೀರು ಸಾಕು. ಟೆಂಪೋ, ಟ್ರ್ಯಾಕ್ಟರ್ ಬಂದರೆ ಕೈ ಮುಗಿದು ಕಳಿಸಿ, ಅದಕ್ಕೆ ನೀರೂ ಜಾಸ್ತಿ, ಗ್ರೀಸೂ ಜಾಸ್ತಿ.

ದುಡ್ಡಿನ ವಿಷಯಕ್ಕೆ ಬರೋಣ. ‘ನಿಮಗೆ ತೋಚಿದಷ್ಟು ಕೊಡಿ’ ಅನ್ನಬೇಡಿ, ಜನ ಮುಜುಗರ ಪಡುತ್ತಾರೆ. ಬೈಕಿಗೆ ಇಷ್ಟು, ಕಾರಿಗೆ ಇಷ್ಟು ಅಂತ ಗೇಟಿನ ಹತ್ತಿರವೇ ಬರೆದು ಹಾಕಿ. ಸಂಜೆ ಎಷ್ಟು ಬಂತು, ಶಾಂಪೂಗೆ ಎಷ್ಟು ಹೋಯಿತು ಅನ್ನುವುದನ್ನು ಹುಡುಗಿಯರೇ ಕರಿಹಲಗೆಯ ಮೇಲೆ ಬರೆಯಲಿ, ಊರವರು ಬಂದು ನೋಡಲಿ.

ಗಾಡಿ ಇರುವವರಿಗೆ ಒಂದು ಮಾತು. ಈ ಸಲ ಚೆಂಡುಹೂವು, ಬೂದುಗುಂಬಳಕಾಯಿ ತರಲು ಹೊರಟಾಗ ನಿಮ್ಮ ಓಣಿಯ ಶಾಲೆಯ ಗೇಟಿನತ್ತ ಒಮ್ಮೆ ನೋಡಿ. ‘ಅಣ್ಣಾ, ಗಾಡಿ ತೊಳೆದು ಕೊಡ್ತೀವಿ’ ಅಂತ ಹುಡುಗಿಯರು ಕರೆದರೆ ಕೀಲಿ ಅವರ ಮೇಷ್ಟ್ರ ಕೈಗೆ ಕೊಟ್ಟು ಸಂತೆಗೆ ಹೋಗಿ ಬನ್ನಿ. ನಮಸ್ಕಾರ.