ಬಾಣಂತಿಯ ತೂಕ: ರೊಟ್ಟಿ ಬಿಡಬೇಡಿ, ಉಂಡಿ ಎಣಿಸಿ

(ಗಂಗಾವತಿಯಲ್ಲಿ ಹಾಲುಣಿಸುವ ತಾಯಂದಿರು, ಅವರ ಮನೆಯವರು ಮತ್ತು ಆಶಾ ಕಾರ್ಯಕರ್ತೆಯರ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಕೂಸು ಎತ್ತಿಕೊಂಡು ಬಂದವರು ನಡುವೆ ಎದ್ದು ಹೋಗಲು ಸಂಕೋಚಪಡಬೇಡಿ, ಕುಳಿತಲ್ಲೇ ಹಾಲು ಕುಡಿಸಿದರೂ ಸರಿ. ಅತ್ತೆಯಂದಿರು, ಅಜ್ಜಿಯರು ಬಂದದ್ದು ಒಳ್ಳೆಯದೇ ಆಯಿತು. ಬಾಣಂತಿಯ ತಾಟಿಗೆ ಏನು ಬೀಳಬೇಕು ಅಂತ ತೀರ್ಮಾನಿಸುವವರು ನೀವೇ ತಾನೆ.

ತೂಕ ಇಳಿಸುವ ಮೊದಲು, ಇಳಿಸುವ ಅಗತ್ಯ ಇದೆಯೇ ಅಂತ ನೋಡಬೇಕು. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿಯಲ್ಲಿ ಹೆರಿಗೆಯಾದ ಮೇಲೆ ದಪ್ಪಗಾದವರೂ ಇದ್ದಾರೆ, ಮೊದಲೇ ರಕ್ತ ಕಡಿಮೆಯಾಗಿ ಒಣಗಿ ನಿಂತವರೂ ಇದ್ದಾರೆ. ಇಬ್ಬರಿಗೂ ಒಂದೇ ಮಾತು ಹೇಳಲಾಗದು. ಐದು ಅಡಿ, ಅಂದರೆ 152 ಸೆಂ.ಮೀ. ಎತ್ತರದ ಹೆಣ್ಣುಮಗಳು 43 ಕೆ.ಜಿ.ಗಿಂತ ಕಡಿಮೆ ಇದ್ದರೆ ಅವಳದು ಕಡಿಮೆ ತೂಕ. 43ರಿಂದ 53 ಸರಿಯಾದ ತೂಕ. 53 ದಾಟಿದರೆ ಹೆಚ್ಚು, 58ರಿಂದಾಚೆ ಬೊಜ್ಜು. ನಮ್ಮ ಜನರ ಮೈಗೆ ಸಕ್ಕರೆ ಕಾಯಿಲೆ ಬೇಗ ಹತ್ತುವುದರಿಂದ ಭಾರತೀಯರಿಗೆ ಹಾಕಿದ ಗೆರೆ ಇಷ್ಟು ಕೆಳಗಿದೆ. 47 ಕೆ.ಜಿ. ಇದ್ದು ಹೊಟ್ಟೆ ಮಾತ್ರ ಮುಂದೆ ಬಂದವರಿಗೆ ಬೇಕಾದದ್ದು ಪಥ್ಯವಲ್ಲ, ಹೊಟ್ಟೆಯ ಸ್ನಾಯುಗಳ ವ್ಯಾಯಾಮ. ಅದಕ್ಕೆ ಆಮೇಲೆ ಬರುತ್ತೇನೆ.

ಹೆರಿಗೆಯ ದಿನವೇ ಸುಮಾರು ಐದಾರು ಕೆ.ಜಿ. ಇಳಿಯುತ್ತದೆ: ಕೂಸು, ಮಾಸು, ನೀರು, ರಕ್ತ. ಮೈಯಲ್ಲಿ ನಿಂತ ನೀರು ಮುಂದಿನ ಕೆಲವು ದಿನಗಳಲ್ಲಿ ಮೂತ್ರ, ಬೆವರಿನ ಮೂಲಕ ಹೋಗುತ್ತದೆ. ಗರ್ಭಕೋಶ ಮೊದಲಿನ ಅಳತೆಗೆ ಬರಲು ಆರು ವಾರ ಬೇಕು. ಎದೆಹಾಲು ನೆಲೆ ನಿಲ್ಲುವುದೂ ಅದೇ ಆರು ವಾರಗಳಲ್ಲೇ. ಆದ್ದರಿಂದ ಮೊದಲ ಆರರಿಂದ ಎಂಟು ವಾರ ತೂಕದ ಯೋಚನೆಯೇ ಬೇಡ. ಸಿಸೇರಿಯನ್ ಆದವರು ವೈದ್ಯರು ಹೊಲಿಗೆ ನೋಡಿ ಸರಿ ಅನ್ನುವವರೆಗೆ ಕಾಯಬೇಕು.

ಈಗ ಲೆಕ್ಕಕ್ಕೆ ಬರೋಣ. ಮೊದಲ ಆರು ತಿಂಗಳು ತಾಯಿಯ ದೇಹ ದಿನಕ್ಕೆ ಹೆಚ್ಚುಕಡಿಮೆ ಮುಕ್ಕಾಲು ಲೀಟರ್ ಹಾಲು ಮಾಡುತ್ತದೆ. ಅದಕ್ಕಾಗಿ ದಿನಕ್ಕೆ 600 ಕ್ಯಾಲೊರಿ ಹೆಚ್ಚು ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದೆ. ಹೆಚ್ಚು ಓಡಾಟವಿಲ್ಲದ, 55 ಕೆ.ಜಿ. ತೂಕದ ಹೆಣ್ಣುಮಗಳಿಗೆ 1660 ಸಾಕು. ಹಾಲಿನ ಪಾಲು ಸೇರಿದರೆ 2260. ಒಂದು ಕಿಲೋ ಕೊಬ್ಬು ಅಂದರೆ ಸುಮಾರು 7700 ಕ್ಯಾಲೊರಿ. ವಾರಕ್ಕೆ ಅರ್ಧ ಕಿಲೋ ಇಳಿಯಬೇಕಾದರೆ ದಿನಕ್ಕೆ 550 ಕೊರತೆ ಬೇಕು. ಊಟದಲ್ಲಿ 300ರಿಂದ 400 ಕಡಿಮೆ ಮಾಡಿ, ಉಳಿದದ್ದನ್ನು ನಡಿಗೆಗೆ ಬಿಟ್ಟರೆ ಲೆಕ್ಕ ಕೂಡುತ್ತದೆ. ಊಟ 1800ಕ್ಕಿಂತ ಕೆಳಗೆ ಇಳಿಯಬಾರದು. ಇದು ಮನೆಯಲ್ಲಿ ಕುಳಿತವರ ಲೆಕ್ಕ. ಭತ್ತದ ನಾಟಿಗೋ ಹತ್ತಿ ಬಿಡಿಸಲಿಕ್ಕೋ ಹೋಗುವವರಿಗೆ ಹಾಲಿನ ಪಾಲು ಸೇರಿ 2700ರ ಮೇಲೆ ಬೇಕು, ಅವರು 1800ಕ್ಕೆ ಇಳಿದರೆ ಗದ್ದೆಯಲ್ಲೇ ತಲೆ ಸುತ್ತಿ ಬೀಳುತ್ತಾರೆ.

ವಾರಕ್ಕೆ ಅರ್ಧ ಕಿಲೋ ಅನ್ನುವುದು ಬಾಯಿಗೆ ಬಂದ ಅಂಕಿಯಲ್ಲ. 2000ದಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತೂಕ ಹೆಚ್ಚಿದ್ದ 40 ಹಾಲುಣಿಸುವ ತಾಯಂದಿರಲ್ಲಿ ಒಂದು ಗುಂಪು ಹತ್ತು ವಾರ ದಿನಕ್ಕೆ 500 ಕ್ಯಾಲೊರಿ ಕಡಿಮೆ ಉಂಡು, ವಾರಕ್ಕೆ ನಾಲ್ಕು ದಿನ 45 ನಿಮಿಷ ವ್ಯಾಯಾಮ ಮಾಡಿತು. ಆ ಗುಂಪಿನವರು ಸರಾಸರಿ 4.8 ಕಿಲೋ ಇಳಿದರು. ಎರಡು ಗುಂಪಿನ ಮಕ್ಕಳ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಒಂದು ಮಾತು ಮರೆಯಬೇಡಿ, ಅವರೆಲ್ಲ ತೂಕ ಹೆಚ್ಚಿದ್ದವರು. 43 ಕೆ.ಜಿ.ಯ ತಾಯಿಗೆ ಈ ಫಲಿತಾಂಶ ಹೊಂದುವುದಿಲ್ಲ.

ಹಾಗಾದರೆ ತೂಕ ಎಲ್ಲಿಂದ ಬರುತ್ತದೆ? ಅಂಟಿನುಂಡಿಯಿಂದ. ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬೆಲ್ಲ, ತುಪ್ಪ, ಇದರಲ್ಲಿ ಕೆಟ್ಟದ್ದು ಏನೂ ಇಲ್ಲ. ಆದರೆ 50 ಗ್ರಾಂನ ಒಂದು ಉಂಡಿ ಅಂದರೆ ಸುಮಾರು 240 ಕ್ಯಾಲೊರಿ. ಬೆಳಿಗ್ಗೆ ಒಂದು, ಸಂಜೆ ಒಂದು ಆದರೆ 480. ಮೂರು ಹೊತ್ತು ಅನ್ನಕ್ಕೆ ಒಂದೊಂದು ದೊಡ್ಡ ಚಮಚ ತುಪ್ಪ, ಒಂದಕ್ಕೆ 135ರಂತೆ 405. ಹಾಲು ಮಾಡಲು ಬೇಕಾದ 600 ಇಲ್ಲೇ ದಾಟಿತು, ಊಟ ಇನ್ನೂ ಶುರುವಾಗಿಲ್ಲ. ಹಿಂದಿನವರು ಇದನ್ನು ನಲವತ್ತು ದಿನಕ್ಕೆ ಅಂತ ಕಟ್ಟಿದ್ದರು, ಆಮೇಲೆ ಹೆಣ್ಣುಮಗಳು ಕೆಲಸಕ್ಕೆ ಇಳಿಯುತ್ತಿದ್ದಳು. ಈಗ ತವರಿನಲ್ಲಿ ಐದು ತಿಂಗಳು ಡಬ್ಬಿ ತುಂಬುತ್ತಲೇ ಇರುತ್ತದೆ. ಐದನೇ ತಿಂಗಳಲ್ಲಿ ಕನ್ನಡಿ ನೋಡಿದ ಹುಡುಗಿ ಏನು ಬಿಡುತ್ತಾಳೆ? ಉಂಡಿಯನ್ನಲ್ಲ, ರಾತ್ರಿಯ ರೊಟ್ಟಿಯನ್ನು! ತಪ್ಪು ಅಲ್ಲೇ ಆಗುವುದು. ಎರಡು ತಿಂಗಳಾದ ಮೇಲೆ ಉಂಡಿ ವಾರಕ್ಕೆ ಎರಡು ಮೂರಕ್ಕೆ ಇಳಿಯಲಿ, ತುಪ್ಪ ದಿನಕ್ಕೆ ಎರಡು ಸಣ್ಣ ಚಮಚ ಸಾಕು, ಚಹಾದ ಸಕ್ಕರೆ ಅರ್ಧಕ್ಕೆ ಬರಲಿ. ಸಂಜೆಯ ವಗ್ಗರಣಿ ಮಂಡಕ್ಕಿಗೆ ನನ್ನ ತಕರಾರಿಲ್ಲ, ಜೊತೆಗೆ ಬರುವ ನಾಲ್ಕು ಮಿರ್ಚಿಗೆ ಇದೆ.

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದು. ಗಂಗಾವತಿ, ಸಿಂಧನೂರು ಕಡೆ ಸೋನಾಮಸೂರಿ ಮನೆಯ ಬೆಳೆ. ಕಾಳು ವಾಯು, ಸೊಪ್ಪು ಶೀತ, ಹಣ್ಣು ನೆಗಡಿ ಅಂತ ಎಲ್ಲ ಬಿಡಿಸಿ, ಬಿಳಿ ಅನ್ನ, ತುಪ್ಪ, ಮೆಣಸಿನ ಸಾರಿನಲ್ಲೇ ಬಾಣಂತನ ಮುಗಿಸುವ ಮನೆಗಳಿವೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಥಯಾಮಿನ್ ಎಂಬ ಬಿ1 ಜೀವಸತ್ವ ಬಹುಪಾಲು ಹೋಗಿರುತ್ತದೆ. ನಾಲ್ಕು ಸಲ ತೊಳೆದು, ಗಂಜಿ ಬಸಿದರೆ ಉಳಿದದ್ದೂ ಹೋಗುತ್ತದೆ. ತಾಯಿಗೆ ಇಲ್ಲದ್ದು ಹಾಲಿಗೆ ಬರುವುದಿಲ್ಲ. ಎರಡು ಮೂರು ತಿಂಗಳ ಕೂಸು ಇದ್ದಕ್ಕಿದ್ದಂತೆ ಹಾಲು ಬಿಟ್ಟು, ದನಿ ಒಡೆದು, ವಾಂತಿ ಮಾಡಿಕೊಂಡು, ಏದುಸಿರು ಬಿಟ್ಟರೆ ಅದು ಹೃದಯಕ್ಕೆ ತಗುಲಿದ ಬೆರಿಬೆರಿ, ಅಂದರೆ ಬಿ1 ಕೊರತೆಯ ಕಾಯಿಲೆ, ಆಗಿರಬಹುದು. ಆಗ ಗಂಟೆಗಳಲ್ಲಿ ಆಸ್ಪತ್ರೆ ಮುಟ್ಟಬೇಕು. ತೂಕ ಇಳಿಸಲು ಹೊರಟ ಹುಡುಗಿ ಈ ಪಥ್ಯದ ಮೇಲೆ ಇನ್ನಷ್ಟು ಕಡಿಮೆ ಉಂಡರೆ ಅಪಾಯ ದುಪ್ಪಟ್ಟು. ಬಿ12, ಅಯೋಡಿನ್ ಕತೆಯೂ ಹೀಗೇ. ಮೊಟ್ಟೆ ಮಾಂಸ ಮುಟ್ಟದ, ಹಾಲು ಮೊಸರೂ ಕಡಿಮೆ ಇರುವ ಮನೆಯ ತಾಯಂದಿರು ಬಿ12 ಬಗ್ಗೆ ವೈದ್ಯರನ್ನು ಕೇಳಲೇಬೇಕು. ಕ್ಯಾಲ್ಸಿಯಂ ಬೇರೆ ರೀತಿ: ಹಾಲಿಗೆ ಅದು ಬಂದೇ ಬರುತ್ತದೆ, ತಾಯಿಯ ಎಲುಬಿನಿಂದಲಾದರೂ.

ಮನೆಯ ಊಟದಲ್ಲೇ ಒಂದು ದಿನ ಹೇಗಿರಬಹುದು ನೋಡಿ. ಎದ್ದ ಮೇಲೆ ಒಂದು ಲೋಟ ಹಾಲು. ಮುಂಜಾನೆ ತಲಾ 55 ಗ್ರಾಂ ಹಿಟ್ಟಿನ ಎರಡು ಜೋಳದ ರೊಟ್ಟಿ, ಮೊಳಕೆ ಹೆಸರುಕಾಳಿನ ಪಲ್ಯ. ಹನ್ನೊಂದಕ್ಕೆ ಒಂದು ಹಿಡಿ ಹುರಿದ ಶೇಂಗಾ, ಒಂದು ಪೇರಲ. ಮಧ್ಯಾಹ್ನ ಒಂದು ರೊಟ್ಟಿ, ಸಣ್ಣ ಬಟ್ಟಲು ಅನ್ನ, ಬ್ಯಾಳಿ, ಪುಂಡಿಪಲ್ಯ, ಮೊಸರು. ಸಂಜೆ ಒಂದು ಬೇಯಿಸಿದ ಮೊಟ್ಟೆ. ರಾತ್ರಿ ಎರಡು ರೊಟ್ಟಿ, ಕಾಯಿಪಲ್ಯ, ಮಜ್ಜಿಗೆ. ಇಡೀ ದಿನಕ್ಕೆ ಎಣ್ಣೆ ನಾಲ್ಕು ಸಣ್ಣ ಚಮಚ. ಇದು 1900ರಿಂದ 2000 ಕ್ಯಾಲೊರಿ, ಪ್ರೋಟೀನ್ 65 ಗ್ರಾಂ ಮೇಲೆ. ಮೊಟ್ಟೆ ತಿನ್ನದವರು ಅದರ ಬದಲು ಹುರಿಗಡಲೆ ತಿನ್ನಲಿ. ಅಂಗನವಾಡಿಯ ಮಾತೃಪೂರ್ಣ ಊಟವನ್ನು ದಪ್ಪಗಾಗುತ್ತೇನೆ ಅಂತ ಬಿಡಬೇಡಿ. ಅದರ ಮೊಟ್ಟೆ, ಹಾಲು, ಸಾಂಬಾರು ನಿಮಗೆ ಬೇಕಾದದ್ದೇ. ಕಬ್ಬಿಣದ ಮಾತ್ರೆ ಹೆರಿಗೆಯಾದ ಮೇಲೆ 180 ದಿನ ನಡೆಯಬೇಕು. ಅದನ್ನು ಕ್ಯಾಲ್ಸಿಯಂ ಮಾತ್ರೆಯ ಜೊತೆ, ಚಹಾದ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ.

ನೀರು ಕುಡಿದರೆ ಹೊಟ್ಟೆ ಬರುತ್ತದೆ ಅನ್ನುವ ಮಾತು ಸುಳ್ಳು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಬಾಣಂತಿಗೆ ನೀರು ಕಟ್ಟುವುದು ಶಿಕ್ಷೆಯೇ ಸರಿ. ಬಾಯಾರಿದಷ್ಟು ಕುಡಿಯಲಿ, ಪ್ರತಿ ಸಲ ಹಾಲುಣಿಸುವಾಗ ಪಕ್ಕದಲ್ಲಿ ಒಂದು ತಂಬಿಗೆ ಇರಲಿ. ಹೊಟ್ಟೆಗೆ ಸೀರೆ ಬಿಗಿದರೂ ಕೊಬ್ಬು ಕರಗುವುದಿಲ್ಲ. ತೀರಾ ಬಿಗಿದರೆ ಒತ್ತಡ ಕೆಳಗಿಳಿದು, ಮೊದಲೇ ಸಡಿಲವಾದ ಕಿಬ್ಬೊಟ್ಟೆಯ ತಳ ಇನ್ನಷ್ಟು ಜೋಲುತ್ತದೆ, ಕೆಮ್ಮಿದರೆ ಮೂತ್ರ ಹನಿಯುತ್ತದೆ.

ಮೂತ್ರ ತಡೆಹಿಡಿಯುವಂತೆ ಒಳಗಿನ ಸ್ನಾಯು ಬಿಗಿದು ಐದು ಎಣಿಸಿ ಬಿಡುವ ವ್ಯಾಯಾಮವನ್ನು ಸಹಜ ಹೆರಿಗೆಯಾದವರು ಮೊದಲ ವಾರದಲ್ಲೇ ಶುರುಮಾಡಬಹುದು. ಆರು ವಾರದ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ, ತಲೆ ಸ್ವಲ್ಪ ಎತ್ತಿ ಹೊಕ್ಕುಳ ಸುತ್ತ ಬೆರಳಿಟ್ಟು ನೋಡಿ. ಎರಡು ಬೆರಳಿಗಿಂತ ಅಗಲದ ಸಂದು ಸಿಕ್ಕರೆ ಹೊಟ್ಟೆಯ ಸ್ನಾಯು ಇನ್ನೂ ಕೂಡಿಲ್ಲ, ಎದ್ದು ಕೂರುವಂಥ ಕಸರತ್ತು ಬೇಡ, ಫಿಸಿಯೋಥೆರಪಿಸ್ಟರನ್ನು ಕಾಣಿ. ನಡಿಗೆ ವಾರಕ್ಕೆ 150 ನಿಮಿಷ, ಬಿಸಿಲೇರುವ ಮೊದಲು, ಕೂಸಿಗೆ ಹಾಲು ಕುಡಿಸಿ ಹೊರಡಿ. ಎದೆ ಹಗುರಾಗಿರುತ್ತದೆ. ಬೆವರಿದ ತಾಯಿಯ ಹಾಲು ಕೆಡುತ್ತದೆ ಅನ್ನುವುದರಲ್ಲಿ ಹುರುಳಿಲ್ಲ.

ತಕ್ಕಡಿ ಎರಡು ಬೇಕು. ತಾಯಿಯದು ವಾರಕ್ಕೊಮ್ಮೆ, ಬೆಳಿಗ್ಗೆ ಏನೂ ತಿನ್ನುವ ಮೊದಲು. ಎರಡು ವಾರ ಸತತ ಒಂದು ಕಿಲೋದಂತೆ ಇಳಿದರೆ ಒಂದು ರೊಟ್ಟಿ, ಒಂದು ಬಟ್ಟಲು ಬ್ಯಾಳಿ ವಾಪಸ್ ಸೇರಿಸಿ. ಕೂಸಿನ ತೂಕ ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ ಏರಬೇಕು, ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯಬೇಕು. ತಾಯಿ ಕಾರ್ಡಿನಲ್ಲಿ ಕೂಸಿನ ತೂಕದ ಗೆರೆ ಏರದೆ ಮಟ್ಟಸವಾದರೆ ಅದೇ ದಿನ ಪಥ್ಯ ನಿಲ್ಲಿಸಿ, ಕೂಸನ್ನು ತೋರಿಸಿ. ಹಾಲು ಕಡಿಮೆಯಾಗಲು ಊಟಕ್ಕಿಂತ ದೊಡ್ಡ ಕಾರಣ ರಾತ್ರಿ ಬಾಟಲಿ ಹಿಡಿಸುವುದು. ಹಾಲು ಮಾಡುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿಯೇ ಹೆಚ್ಚು ಏರುತ್ತದೆ, ಕೂಸು ಚೀಪದಿದ್ದರೆ ದೇಹ ಹಾಲು ಬೇಡ ಅಂತ ತಿಳಿಯುತ್ತದೆ.

ಹಾಲುಣಿಸುವಾಗ ಕೀಟೋ ಪಥ್ಯ ಬೇಡವೇ ಬೇಡ. ಹಿಟ್ಟು ಅನ್ನ ಪೂರ್ತಿ ಬಿಟ್ಟ ತಾಯಂದಿರ ರಕ್ತ ಆಮ್ಲವಾಗಿ ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ತೂಕ ಇಳಿಸುವ ಸೂಜಿ, ಮಾತ್ರೆ ಈಗ ಸಲ್ಲದು. ‘ಸ್ಲಿಮ್ಮಿಂಗ್ ಟೀ’ಗಳಲ್ಲಿ ಅನೇಕವು ಸೋನಾಮುಖಿ ಬೆರೆಸಿದ ಭೇದಿ ಪುಡಿಗಳು, ಇಳಿಯುವುದು ನೀರು ಮಾತ್ರ. ಸರಿಯಾಗಿ ಉಂಡರೂ ನಡೆದರೂ ತೂಕ ಕದಲದೆ, ಸುಸ್ತು, ಮಲಬದ್ಧತೆ, ಮೈ ಊತ ಇದ್ದರೆ ಥೈರಾಯ್ಡ್ ನೋಡುವ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ. ಹೆರಿಗೆಯ ನಂತರದ ಮೊದಲ ವರ್ಷ ಥೈರಾಯ್ಡ್ ಏರುಪೇರಾಗುವುದುಂಟು. ಮೂರು ನಾಲ್ಕನೇ ತಿಂಗಳ ಕೂದಲು ಉದುರುವಿಕೆ ಬಹುತೇಕ ಸಹಜ, ಅದಕ್ಕೆ ಹೆದರಬೇಕಿಲ್ಲ.

ಆರು ತಿಂಗಳಿಗೆ ಕೂಸು ಮೆತ್ತಗಿನ ಊಟ ಶುರುಮಾಡಿದಾಗ ಹಾಲಿನ ಪಾಲು 600ರಿಂದ 520ಕ್ಕೆ ಇಳಿಯುತ್ತದೆ. ಕೂಸು ಉಳಿಸಿದ ರಾಗಿ ಸರಿ, ಬಿಸ್ಕತ್ತು ತಾಯಿಯ ಬಾಯಿಗೆ ಹೋಗುವುದೂ ಆಗಲೇ ಶುರು. ಎರಡು ವರ್ಷಕ್ಕೋ ಆಮೇಲೋ ಹಾಲು ಬಿಡಿಸಿದ ತಿಂಗಳೇ ಹಾಲಿಗಾಗಿ ಉಣ್ಣುತ್ತಿದ್ದ ಹೆಚ್ಚಿನ ರೊಟ್ಟಿ, ಶೇಂಗಾ ತಾಟಿನಿಂದ ಇಳಿಯಬೇಕು. ಇಲ್ಲದಿದ್ದರೆ ಇಳಿಸಿದ ತೂಕ ಮರಳಿ ಬರುವುದುಂಟು, ಅದಕ್ಕೇ ತಕ್ಕಡಿಯನ್ನು ಆವರೆಗೂ ಅಟ್ಟಕ್ಕೆ ಹಾಕಬೇಡಿ. ಈಗ ಪ್ರಶ್ನೆಗಳಿದ್ದರೆ ಕೇಳಿ, ಅತ್ತೆಯಂದಿರು ಮೊದಲು.