ವೋಲ್ಟೇಜ್ ಕುಸಿದಾಗ ಕೈಬಿಡದ ಮೈಕ್ರೋಗ್ರಿಡ್

ಎಲ್ಲರಿಗೂ ನಮಸ್ಕಾರ. ಇಲ್ಲಿರುವವರಲ್ಲಿ ಹೆಚ್ಚಿನವರು ರಿಲೇ ಸೆಟ್ ಮಾಡಿದವರು, ಫೀಡರ್ ಲೈನ್ ಟ್ರಿಪ್ ಆಗಿ ಕರೆಂಟು ಹೋದಾಗ ಓಡಿದವರು. ಹಾಗಾಗಿ ಮೈಕ್ರೋಗ್ರಿಡ್ ಅಂದರೆ ಬೇಕಾದಾಗ ದೊಡ್ಡ ಗ್ರಿಡ್‌ನಿಂದ ಬೇರೆಯಾಗಿಯೂ ನಡೆಯಬಲ್ಲ ಪುಟ್ಟ ವಿದ್ಯುತ್ ಜಾಲ ಅಂತ ಪಾಠ ಶುರು ಮಾಡುವುದಿಲ್ಲ. ಗ್ರಿಡ್‌ನಲ್ಲಿ ವೋಲ್ಟೇಜ್ ಕುಸಿದ ಆ ಕ್ಷಣದಲ್ಲಿ ನಮ್ಮ ಇನ್ವರ್ಟರ್, ಅಂದರೆ ಸೌರಫಲಕ, ಬ್ಯಾಟರಿಗಳ ಡಿಸಿ ಕರೆಂಟನ್ನು ಎಸಿ ಮಾಡಿ ಗ್ರಿಡ್‌ಗೆ ಕೊಡುವ ಯಂತ್ರ, ಕಳಚಿಕೊಂಡು ಕೈಬಿಡಬಾರದು. ನಾನು ಹೇಳಲು ಬಂದದ್ದು ಇದನ್ನೇ.

2016ರ ಸೆಪ್ಟೆಂಬರ್ 28, ದಕ್ಷಿಣ ಆಸ್ಟ್ರೇಲಿಯಾ. ಸುಂಟರಗಾಳಿಗೆ ಸಿಕ್ಕಿ 275 ಕೆವಿ ಲೈನಿನ ಟವರ್‌ಗಳು ಉರುಳಿದವು. ಎರಡು ನಿಮಿಷದಲ್ಲಿ ಆರು ಸಲ ವೋಲ್ಟೇಜ್ ಕುಸಿಯಿತು. ಮೊದಲ ಕುಸಿತಗಳನ್ನು ಗಾಳಿಯಂತ್ರಗಳು ಚೆನ್ನಾಗಿಯೇ ತಡೆದುಕೊಂಡವು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಆಮೇಲೆ ತುಂಬ ಜನ ಗಾಳಿ ವಿದ್ಯುತ್ತನ್ನೇ ಬೈದರು. ಆವತ್ತು ಗಾಳಿಗೇನೂ ಕೊರತೆ ಇರಲಿಲ್ಲ! ಯಂತ್ರಗಳ ಕಂಟ್ರೋಲ್ ಸಾಫ್ಟ್‌ವೇರ್‌ನಲ್ಲಿ ಒಂದು ಮಿತಿ ಕೂತಿತ್ತು: ಸ್ವಲ್ಪ ಹೊತ್ತಿನಲ್ಲಿ ಇಷ್ಟು ಸಲ ಕುಸಿದರೆ ಉತ್ಪಾದನೆ ಇಳಿಸು ಅಂತ. ಆ ಲೆಕ್ಕ ತುಂಬಿತು. ಏಳು ಸೆಕೆಂಡಿನೊಳಗೆ 456 ಮೆಗಾವಾಟ್ ಮಾಯ. ಆ ಭಾರವೆಲ್ಲ ವಿಕ್ಟೋರಿಯಾ ಕಡೆಯ ಹೇವುಡ್ ಲೈನಿನ ಮೇಲೆ ಬಿತ್ತು, ಅದೂ ಟ್ರಿಪ್ ಆಯಿತು. ಸುಮಾರು 8,50,000 ಗ್ರಾಹಕರಿಗೆ ಕರೆಂಟು ಹೋಯಿತು. ಗ್ರಿಡ್ ನಡೆಸುವವರಿಗೆ ಆ ಮಿತಿ ಇರುವುದೇ ಗೊತ್ತಿರಲಿಲ್ಲ. ಆಮೇಲೆ ಸೆಟ್ಟಿಂಗ್ ಬದಲಾಯಿಸಿದರು. ಬರೀ ಸೆಟ್ಟಿಂಗ್!

ಊಟ ಆದ ಮೇಲಿನ ಹೊತ್ತು, ನಿಮ್ಮ ವೋಲ್ಟೇಜೂ ಸ್ವಲ್ಪ ಕುಸಿದಿರುತ್ತದೆ. ಆದರೂ ಯಾರೂ ಎದ್ದು ಹೋಗಿಲ್ಲ. ಇನ್ವರ್ಟರಿನಿಂದ ನಾನು ಕೇಳುವುದೂ ಅಷ್ಟೇ.

ಹಿಂದೆ ನಾವೇ ಅದಕ್ಕೆ ಓಡಿಹೋಗಲು ಕಲಿಸಿದ್ದೆವು. ಸಣ್ಣ ವಿದ್ಯುತ್ ಮೂಲಗಳನ್ನು ಗ್ರಿಡ್‌ಗೆ ಜೋಡಿಸುವ ಮಾನದಂಡವಾದ ಐಇಇಇ 1547ರ 2003ರ ಆವೃತ್ತಿಯಲ್ಲಿ ವೋಲ್ಟೇಜ್ ಅರ್ಧಕ್ಕಿಂತ ಕೆಳಗಿಳಿದರೆ 0.16 ಸೆಕೆಂಡಿನಲ್ಲಿ ಬಿಟ್ಟುಬಿಡಬೇಕಿತ್ತು. ಲೈನ್‌ಮನ್ ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯೇ, ಸೋಲಾರ್ ಕಡಿಮೆ ಇದ್ದ ಕಾಲ. 2018ರ ಆವೃತ್ತಿ ತಡೆದುಕೊಂಡು ನಿಲ್ಲುವುದನ್ನು ಕಡ್ಡಾಯ ಮಾಡಿತು. ನಮ್ಮ ಕೇಂದ್ರ ವಿದ್ಯುತ್ ಪ್ರಾಧಿಕಾರವೂ ದೊಡ್ಡ ಗಾಳಿ, ಸೌರ ಸ್ಥಾವರಗಳಿಗೆ ಅದನ್ನೇ ಹೇಳುತ್ತದೆ: ವೋಲ್ಟೇಜ್ ಶೇ. 15ಕ್ಕೆ ಇಳಿದರೂ 300 ಮಿಲಿಸೆಕೆಂಡ್ ನಿಲ್ಲಬೇಕು. ಪಾವಗಡದಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಇಟ್ಟುಕೊಂಡಿರುವ ನಮಗೆ ಇದು ದೂರದ ಮಾತಲ್ಲ, ಅಲ್ವಾ?

ಈಗ ನಿಲ್ಲುವುದು ಹೇಗೆ? ಕಷ್ಟ ಇರುವುದೇ ಇಲ್ಲಿ. ಫಾಲ್ಟ್, ಅಂದರೆ ಲೈನಿನಲ್ಲಿ ಶಾರ್ಟ್ ಸರ್ಕ್ಯೂಟ್ ಥರದ ದೋಷ, ಆದಾಗ ಹಳೆಯ ಜನರೇಟರ್ ತನ್ನ ಸಾಮರ್ಥ್ಯದ ಐದಾರು ಪಟ್ಟು ಕರೆಂಟ್ ಸುರಿಯುತ್ತದೆ. ಇನ್ವರ್ಟರ್ ಸಾಮಾನ್ಯವಾಗಿ 1.1, ಹೆಚ್ಚೆಂದರೆ 1.2 ಪಟ್ಟು ಕೊಡುತ್ತದೆ. ಜಾಸ್ತಿ ಕೊಟ್ಟರೆ ಒಳಗಿನ ಸೆಮಿಕಂಡಕ್ಟರ್ ಸುಡುತ್ತದೆ. ಇರುವ ಚೂರು ಕರೆಂಟಿನಲ್ಲಿ ಮೊದಲು ರಿಯಾಕ್ಟಿವ್ ಪವರ್, ಅಂದರೆ ಕೆಲಸ ಮಾಡದೆ ವೋಲ್ಟೇಜ್ ಹಿಡಿದಿಡುವ ಭಾಗ, ಕೊಟ್ಟು ವೋಲ್ಟೇಜ್ ಎತ್ತಬೇಕು. 11 ಕೆವಿ ಲೈನಿನಲ್ಲಿ ರೆಸಿಸ್ಟೆನ್ಸ್ ಜಾಸ್ತಿ, ಹಾಗಾಗಿ ಅಲ್ಲಿ ನಿಜವಾಗಿ ಕೆಲಸ ಮಾಡುವ ಆ್ಯಕ್ಟಿವ್ ಪವರ್ ಕೂಡ ಬೇಕಾಗುತ್ತದೆ. ದೊಡ್ಡ ಗ್ರಿಡ್‌ನ ಸೂತ್ರವನ್ನು ಸುಮ್ನೆ ಎತ್ತಿ ತಂದು ಹಾಕಬೇಡಿ.

ಇನ್ನೊಂದು ಆಸೆ: ಗ್ರಿಡ್‌ಗೆ ಜೋಡಿಸುವ ಸ್ಟ್ಯಾಟಿಕ್ ಸ್ವಿಚ್ ತೆರೆದು ಐಲ್ಯಾಂಡ್ ಆಗಿಬಿಡೋಣ, ಅಂದರೆ ಗ್ರಿಡ್ ಬಿಟ್ಟು ಒಂಟಿಯಾಗಿ ನಡೆಯೋಣ ಅಂತ. ಪಕ್ಕದ ಫೀಡರಿನ ಫಾಲ್ಟ್ ಅರೆಕ್ಷಣದಲ್ಲಿ ಕ್ಲಿಯರ್ ಆಗಬಹುದು. ಪ್ರತಿ ಕುಸಿತಕ್ಕೂ ಎಲ್ಲ ಮೈಕ್ರೋಗ್ರಿಡ್‌ಗಳೂ ಹೊರಟರೆ ಆಸ್ಟ್ರೇಲಿಯಾದ ಕಥೆಯೇ. ಮೊದಲು ಕೈಬಿಡದೆ ನಿಲ್ಲಬೇಕು. ಗ್ರಿಡ್ ನಿಜವಾಗಿ ಹೋದರೆ ಮಾತ್ರ ಬೇರೆಯಾಗಬೇಕು. ಅದೇ ದಕ್ಷಿಣ ಆಸ್ಟ್ರೇಲಿಯಾದ ಡಾಲ್ರಿಂಪಲ್‌ನಲ್ಲಿ 30 ಮೆಗಾವಾಟ್ ಬ್ಯಾಟರಿ ಇದೆ. ಅದು ಗ್ರಿಡ್ ಫಾರ್ಮಿಂಗ್, ಅಂದರೆ ವೋಲ್ಟೇಜನ್ನು ತಾನೇ ಕಟ್ಟಿ ನಿಲ್ಲಿಸುತ್ತದೆ. ಮುಖ್ಯ ಲೈನ್ ಕಡಿದರೆ ಪಕ್ಕದ ವಾಟಲ್ ಪಾಯಿಂಟ್ ಗಾಳಿಯಂತ್ರಗಳನ್ನು ಜೊತೆಗಿಟ್ಟುಕೊಂಡು ಆ ಭಾಗಕ್ಕೆ ಕರೆಂಟ್ ಕೊಡುವ ಹಾಗೆ ಕಟ್ಟಿದ್ದಾರೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಮತ್ತೆ ಗ್ರಿಡ್‌ಗೆ ಸೇರುವ ವಿಚಾರ, ಅದಕ್ಕೆ ಮೊದಲು ಎರಡೂ ಕಡೆಯ ತಾಳಮೇಳ ನೋಡುವ ಸಿಂಕ್ ಚೆಕ್, ಇವತ್ತು ಬಿಡುತ್ತೇನೆ. ಒಂದು ಕೋರಿಕೆ ಮಾತ್ರ. ಮುಂದಿನ ಸಲ ಹೊಸ ಇನ್ವರ್ಟರ್ ಚಾಲೂ ಮಾಡುವಾಗ ಸೆಟ್ಟಿಂಗ್ ಪಟ್ಟಿಯನ್ನು ಪೂರ್ತಿ ಕೇಳಿ ತೆಗೆದುಕೊಳ್ಳಿ. ಒಂದು ಕುಸಿತಕ್ಕೆ ಟೆಸ್ಟ್ ಮಾಡಿ ಸಹಿ ಹಾಕಬೇಡಿ. ಬೆನ್ನುಬೆನ್ನಿಗೆ ಆರು ಕೊಟ್ಟು ನೋಡಿ.

ಪ್ರಶ್ನೆಗಳಿದ್ದರೆ ಕೇಳಿ.